ಕನ್ನಡಿಗೆ ನೇತುಹಾಕಿದ ಬೋರ್ಡು

ಶೋರೂಮಿನಲ್ಲಿ ಅವನನ್ನು ಎಲ್ಲರೂ ಸಕ್ಕರೆಯಣ್ಣ ಅಂತಲೇ ಕರೆಯುತ್ತಿದ್ದರು. ಮಾತು ಅಷ್ಟು ಸಿಹಿ. ಜಗಳಕ್ಕೆ ಅಂತ ತೋಳು ಮಡಚಿಕೊಂಡು ಬಂದ ಗಿರಾಕಿಯೂ ಸ್ವಲ್ಪ ಹೊತ್ತು ಅವನ ಎದುರು ಕೂತರೆ, ಟೀ ಕುಡಿದು, ಕೈ ಕುಲುಕಿ, ಸೀಟ್ ಕವರಿಗೂ ಆರ್ಡರ್ ಕೊಟ್ಟು ಎದ್ದು ಹೋಗುತ್ತಿದ್ದ. ವಯಸ್ಸು ಐವತ್ತರ ಹತ್ತಿರ ಬಂದಾಗ ಮೈಯಲ್ಲೂ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. "ಊರಿಗೆಲ್ಲ ಹಂಚಿ ಮಿಕ್ಕಿದ್ದು ಈಗ ರಕ್ತಕ್ಕೆ ಇಳಿದಿದೆ ಕಣೋ" ಅಂತ ಅವನ ಭಾವ, ಅಕ್ಕನ ಗಂಡ, ನಗಾಡಿದ್ದರು. ಅವನೂ ನಕ್ಕಿದ್ದ. ನಗುವುದು ಅವನಿಗೆ ಕೆಲಸವಾಗಿಬಿಟ್ಟಿತ್ತು.

ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಮ್ಮ ಬೇಗ ತೀರಿಕೊಂಡಳು. ಅಪ್ಪ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಕ್ಕ ಬಾಡಿಗೆ ಹೊಲಿಗೆ ಮೆಷಿನ್ ತಂದು, ಪ್ಯಾಂಟಿನ ಕಾಲು ಮಡಚಿ ಹೊಲಿದು, ಹರಿದ ಜೇಬಿಗೆ ತೇಪೆ ಹಾಕಿ, ಅವನನ್ನೂ ಚಿಕ್ಕ ತಂಗಿಯನ್ನೂ ಸಾಕಿದಳು. ಅವನು ಮೊದಲು ಫುಟ್‌ಪಾತ್ ಮೇಲೆ ಕಾಲುಚೀಲ ಮಾರಿದ. ಆಮೇಲೆ ಹಳೇ ಸ್ಕೂಟರ್ ಮಾರುವವನ ಹತ್ತಿರ ಸೇರಿಕೊಂಡ. ಕಾರಿನ ಶೋರೂಮಿಗೆ ಬಿಳಿ ಶರ್ಟ್ ಹಾಕಿಕೊಂಡು ಬರಬೇಕು ಅಂದಾಗ ಅಕ್ಕ ಗಿರಾಕಿ ಬಿಟ್ಟುಹೋದ ಬಟ್ಟೆಯಲ್ಲಿ ಒಂದು ಶರ್ಟ್ ಹೊಲಿದುಕೊಟ್ಟಳು. ಕಾಲರ್ ಮಾತ್ರ ಸ್ವಲ್ಪ ಅಗಲವಾಗಿತ್ತು. "ಬೆಳೀತೀಯ ಬಿಡು" ಅಂದಿದ್ದಳು. ಆಗ ಅವನಿಗೆ ಇಪ್ಪತ್ತಾರು ವರ್ಷ, ಬೆಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಶೋರೂಮಿನಲ್ಲಿ ಮಾತ್ರ ಅವನು ನಿಜಕ್ಕೂ ಬೆಳೆದ. ಮಾಲೀಕರಿಗೆ ಅವನಿಲ್ಲದೆ ಕೈ ಓಡುತ್ತಿರಲಿಲ್ಲ. ಹೊಸ ಮಾದರಿಯ ಕಾರು ಬಂದ ದಿನಗಳಲ್ಲಂತೂ ಅವನೇ ಅಲ್ಲಿ ರಾಜ.

ಹೊಸ ಮಾದರಿ ಬಂದಾಗ ಆಗುವುದು ಇಷ್ಟು. ಗಾಜಿನ ಮೇಲೆ ಕಂಪನಿಯವರು ಬೆಲೆ ಚೀಟಿ ಅಂಟಿಸಿ ಕಳಿಸುತ್ತಾರೆ. ಗಾಡಿ ಬರುವುದು ನಾಲ್ಕೋ ಐದೋ, ಬೇಕು ಅನ್ನುವವರು ಬಾಗಿಲ ತನಕ. ಆಗ ಆ ಚೀಟಿಗೆ ಕಾಸಿನ ಮರ್ಯಾದೆ ಇರುವುದಿಲ್ಲ. ಅದರ ಪಕ್ಕದಲ್ಲೇ ಮಾಲೀಕರು ಇನ್ನೊಂದು ಚೀಟಿ ಅಂಟಿಸುತ್ತಾರೆ: ಮ್ಯಾಟು, ಪಾಲಿಶು, ತುಕ್ಕು ಹಿಡಿಯದ ಬಣ್ಣ, ಇನ್ನೂ ಏನೇನೋ. ಆ ಬಣ್ಣವನ್ನು ಯಾರೂ ಹಚ್ಚಿದ್ದೂ ಇಲ್ಲ, ಯಾರೂ ಕಂಡದ್ದೂ ಇಲ್ಲ. ಒಟ್ಟಿನಲ್ಲಿ ಚೀಟಿಯ ಬೆಲೆಯ ಮೇಲೆ ಒಂದಿಷ್ಟು ಮೇಲಿನ ದುಡ್ಡು. ಹಗಲು ಹೊತ್ತಿನಲ್ಲಿ, ಏಸಿ ಹಾಕಿಕೊಂಡು, ಟೀ ಕೊಟ್ಟು ಮಾಡುವ ಸುಲಿಗೆ ಅದು. ಬೇಡ ಅಂದರೆ ಬಿಡಿ, ಮುಂದಿನ ಲೋಡಿಗೆ ಕಾಯಿರಿ ಅನ್ನುತ್ತಾರೆ. ಕಾಯುವ ತಾಳ್ಮೆ ಇದ್ದವನು ಹೊಸ ಕಾರಿಗೆ ಮೊದಲ ವಾರವೇ ಯಾಕೆ ಬರುತ್ತಾನೆ?

ಆ ಮೇಲಿನ ದುಡ್ಡನ್ನು ಗಿರಾಕಿ ತಾನಾಗಿಯೇ ಕೊಡುವ ಹಾಗೆ ಮಾಡುವ ಉಪಾಯ ಹುಡುಕಿದವನು ಸಕ್ಕರೆಯಣ್ಣ. ಒಂದು ಕೆಂಪು ಬೋರ್ಡು ಮಾಡಿಸಿದ್ದ, ಅಂಗೈ ಅಗಲದ್ದು. 'ಮಾರಾಟವಾಗಿದೆ' ಅಂತ ಅದರ ಮೇಲೆ ಬರೆಸಿದ್ದ. ಮಾರಾಟವಾಗದ ಕಾರಿನ ಒಳಗನ್ನಡಿಗೆ ಅದನ್ನು ನೇತುಹಾಕಿ ದೂರ ನಿಲ್ಲುತ್ತಿದ್ದ. ಗಿರಾಕಿ ಬರುತ್ತಾನೆ, ಗಾಡಿ ಸುತ್ತುತ್ತಾನೆ, ಬೋರ್ಡು ಓದುತ್ತಾನೆ. ಅಲ್ಲಿಯತನಕ ಬರೀ ಇಷ್ಟವಿದ್ದದ್ದು ಆ ಕ್ಷಣದಿಂದ ಹೊಟ್ಟೆಉರಿಯಾಗುತ್ತದೆ. "ಯಾರು ತಗೊಂಡ್ರು?" "ಒಬ್ರು ಡಾಕ್ಟ್ರು ಸಾರ್. ಇವತ್ತು ಸಂಜೆ ಬರ್ತಾರೆ." "ನಮಗೇನಾದ್ರೂ ಆಗುತ್ತಾ?" ಆಗ ಸಕ್ಕರೆಯಣ್ಣ ತಲೆ ಕೆರೆದುಕೊಂಡು, ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಹೊರಗೆ ಬಂದು, "ಮಾಲೀಕರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಸಾರ್. ನಿಮಗೋಸ್ಕರ ನೋಡ್ತೀನಿ" ಅನ್ನುತ್ತಿದ್ದ. ಇಲ್ಲದ ಡಾಕ್ಟರಿಗೆ ಮೋಸ ಮಾಡಿದ ಖುಷಿಯಲ್ಲಿ ಗಿರಾಕಿ ಮೇಲಿನ ದುಡ್ಡು ಎಣಿಸುತ್ತಿದ್ದ.

ಹಾಗಾಗಿ ಶೋರೂಮಿನ ಒಳಗಿನವರಿಗೆಲ್ಲ ಒಂದು ಮಾತು ಗಟ್ಟಿಯಾಗಿತ್ತು. ಬೋರ್ಡು ನೇತಾಡುತ್ತಿದೆ ಅಂದರೆ ಗಾಡಿ ಮಾರಾಟವಾಗಿಲ್ಲ. ನಿಜವಾಗಿ ಮಾರಾಟವಾದ ಗಾಡಿ ಎದುರಿಗೆ ನಿಲ್ಲುವುದೇ ಇಲ್ಲ, ಹಿಂದಿನ ಶೆಡ್ಡಿಗೆ ಹೋಗಿಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠವೇ ಇದು.

ಅಕ್ಕನಿಗೆ ಬೆನ್ನಿನ ಒಳಗೆ ಗಂಟಾಗಿ, ಆಪರೇಷನ್ ಆಗಿ, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಎಷ್ಟೋ ವರ್ಷ ಮೆಷಿನ್ ತುಳಿದ ಕಾಲುಗಳು ವೀಲ್‌ಚೇರಿನ ಹಲಗೆಯ ಮೇಲೆ, ಇಟ್ಟಲ್ಲೇ ಇರುವ ಸಾಮಾನಿನ ಹಾಗೆ ಕೂತುಬಿಟ್ಟವು. ಭಾವ ಲಾರಿ ಓಡಿಸಿ ನಿವೃತ್ತರಾದವರು. ಗಡಸು ಬಾಯಿ, ಮೆತ್ತನೆ ಕೈ. ಲಾಂಡ್ರಿ ಅಂಗಡಿಯ ಹಿಂದಿನ ಎರಡು ರೂಮಿನ ಮನೆಯಲ್ಲಿ ಅವರೇ ಅವಳನ್ನು ಎತ್ತಿ ಇಳಿಸಿ, ತಲೆ ಬಾಚಿ, ಜಡೆ ಹಾಕುತ್ತಿದ್ದರು. "ಲಾರಿಗೆ ಹಗ್ಗ ಬಿಗಿದ ಹಾಗೆ ಬಿಗೀಬೇಡಿ, ತಲೆ ಕಿತ್ತು ಬರುತ್ತೆ" ಅಂತ ಅಕ್ಕ ಬೈದರೆ, "ಲೋಡು ಅಲುಗಾಡಬಾರದು ಕಣೇ" ಅನ್ನುತ್ತಿದ್ದರು.

ಒಂದು ಸಲ ಆಸ್ಪತ್ರೆ ಗೇಟಿನ ಎದುರು, ಬಾಡಿಗೆ ಕಾರಿನಿಂದ ಅವಳನ್ನು ಎತ್ತುವಾಗ ಭಾವನ ಮಂಡಿ ಹಿಡಿದುಕೊಂಡಿತು. ಇಬ್ಬರೂ ಬಿದ್ದರು. ಅಕ್ಕ ರಸ್ತೆ ಮೇಲೆ, ಬಟ್ಟೆ ಮಂಡಿಯ ತನಕ ಸರಿದು, ಸರಿಮಾಡಿಕೊಳ್ಳುವುದಕ್ಕೂ ಕೈಗೆ ಎಟುಕದೆ ಮಲಗಿದ್ದಳು. ಔಷಧಿ ಅಂಗಡಿಯ ಮುಂದೆ ನಿಂತಿದ್ದವರು ಎತ್ತುವುದಕ್ಕೆ ಮೊದಲು ಚೆನ್ನಾಗಿ ನೋಡಿದರು. ಒಬ್ಬನಂತೂ ಫೋನ್ ಹಿಡಿದಿದ್ದ. ಅಂಥವನ ಕೈ ಮುರಿಯಬೇಕಿತ್ತು, ಮುರಿಯುವವರು ಯಾರೂ ಇರಲಿಲ್ಲ. ಅಕ್ಕ ಅಳಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು:

"ಇನ್ನು ಮೇಲೆ ಬೀದೀಲಿ ಯಾರೂ ನನ್ನ ಮೂಟೆ ಥರ ಎತ್ತಬೇಡಿ. ನಾನು ಎಲ್ಲಿಗೂ ಬರಲ್ಲ."

ಆ ಮೇಲೆ ಅವಳು ಹೊಸಿಲು ದಾಟಲಿಲ್ಲ.

ಹಾಗಿರುವಾಗ ದೂರದ ಊರಿನಲ್ಲಿದ್ದ ತಂಗಿಯ ಶ್ವಾಸಕೋಶ ಕೆಟ್ಟಿತು. ಮೂಗಿಗೆ ನಳಿಗೆ ಹಾಕಿ ಮಂಚದ ಮೇಲೆ ಮಲಗಿಸಿದರು. ಅವಳು ಇಲ್ಲಿಗೆ ಬರುವ ಹಾಗಿಲ್ಲ, ಇವಳು ಅಲ್ಲಿಗೆ ಹೋಗುವ ಹಾಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ತಂಗಿಗೆ ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ಇರುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಉಳಿದರ್ಧವನ್ನು ಅಕ್ಕ ಹೇಳಿಬಿಡುತ್ತಿದ್ದಳು.

"ಅಕ್ಕಾ, ನೀನೊಂದು ಸಲ..."

"ಬರ್ತೀನಿ ಕಣೇ, ಬರ್ತೀನಿ."

ಆಂಬುಲೆನ್ಸಿನಲ್ಲಿ ಹೋಗೋಣ ಅಂತ ಭಾವ ಅಂದರೆ, "ಕಾಯಿಲೆ ಬಿದ್ದವಳನ್ನ ನೋಡೋಕೆ ನಾನು ಹೆಣದ ಥರ ಮಲಕ್ಕೊಂಡು ಹೋಗ್ಲಾ? ನನ್ನ ನೋಡಿ ಅವಳ ಜೀವ ಹಾರಿಹೋಗುತ್ತೆ. ಹೋದರೆ ಕೂತ್ಕೊಂಡು ಹೋಗ್ತೀನಿ" ಅಂದಳು. ಹಟಮಾರಿ. ಆ ಹಟವೇ ಅವರನ್ನೆಲ್ಲ ಸಾಕಿದ್ದು, ಹಾಗಾಗಿ ಯಾರೂ ಎದುರಾಡಲಿಲ್ಲ.

ಅದೇ ಹೊತ್ತಿಗೆ ಸಕ್ಕರೆಯಣ್ಣನ ಕಂಪನಿ ಹೊಸ ಗಾಡಿಯೊಂದನ್ನು ಬಿಡುಗಡೆ ಮಾಡಿತು. ಪಕ್ಕದ ಬಾಗಿಲು ಸರಿಯುತ್ತದೆ, ಒಳಗಿನ ನೆಲ ತಗ್ಗು, ಗುಂಡಿ ಒತ್ತಿದರೆ ಒಂದು ಹಲಗೆ ತಾನಾಗಿ ರಸ್ತೆಗೆ ಇಳಿಯುತ್ತದೆ. ವೀಲ್‌ಚೇರನ್ನು ಹಾಗೇ ತಳ್ಳಿಕೊಂಡು ಒಳಗೆ ಹೋಗಿ ಬಿಗಿದುಬಿಡಬಹುದು. ಎತ್ತುವ ಮಾತೇ ಇಲ್ಲ. ತರಬೇತಿಗೆ ಹೋದಲ್ಲಿ ಆ ಹಲಗೆ ಇಳಿದು ನೆಲ ಮುಟ್ಟುವ ತನಕ ಅವನು ಕಣ್ಣು ಕೀಳಲಿಲ್ಲ. ಅಷ್ಟು ಜನರ ನಡುವೆ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ.

ಭಾವನಿಗೆ ಫೋನ್ ಮಾಡಿದ.

"ಭಾವ, ಅಕ್ಕನಿಗೆ ಗಾಡಿ ಸಿಕ್ತು."

"ಯಾವುದೋ, ನೀನು ಊರಿಗೆಲ್ಲ ಮಾರೋ ಡಬ್ಬಾನಾ?"

"ಇದು ಬೇರೆ ಭಾವ. ಕುರ್ಚಿ ಸಮೇತ ಹತ್ತಬಹುದು. ನಿಮ್ಮ ಮಂಡಿಗೂ ರಿಟೈರ್‌ಮೆಂಟು."

ಭಾವ ದನಿ ತಗ್ಗಿಸಿ, "ಬೆಲೆ?" ಅಂದರು.

"ಚೀಟಿ ಮೇಲೆ ಇರೋದಷ್ಟೇ. ಮೇಲಿನ ದುಡ್ಡು ನಾನು ಬಿಡಿಸ್ತೀನಿ."

ಭಾವನ ಹತ್ತಿರ ಇದ್ದದ್ದು ಕೆಲಸ ಬಿಟ್ಟಾಗ ಕೈಗೆ ಬಂದ ದುಡ್ಡು. ಚೀಟಿಯ ಬೆಲೆಗೆ ಅದು ಸರಿಯಾಗುತ್ತಿತ್ತು, ಮೇಲೆ ಒಂದು ಚೂರೂ ಉಳಿಯುತ್ತಿರಲಿಲ್ಲ. ಸಕ್ಕರೆಯಣ್ಣನ ಉಳಿತಾಯವೆಲ್ಲ ಮಗಳ ಮದುವೆಗೆ ಕರಗಿತ್ತು.

ಅವನು ಮಾಲೀಕರ ರೂಮಿಗೆ ಹೋಗಿ ಕೈಕಟ್ಟಿ ನಿಂತ. ಇಷ್ಟು ವರ್ಷದಲ್ಲಿ ತನಗಾಗಿ ಏನನ್ನೂ ಕೇಳಿದವನಲ್ಲ.

"ನಿನ್ನ ಅಕ್ಕ ಅಂದ್ರೆ ಆಯ್ತು ಬಿಡಪ್ಪ" ಅಂದರು ಮಾಲೀಕರು. "ಮೊದಲ ಲೋಡಿನ ಒಂದು ಗಾಡಿ ನಿನಗೆ. ಚೀಟಿ ಬೆಲೆಗೇ. ಆದರೆ ಬಾಯಿ ಬಿಡಬೇಡ. ಒಬ್ಬನಿಗೆ ಬಿಟ್ಟೆ ಅಂತ ಗೊತ್ತಾದ್ರೆ ನಾಳೆ ಎಲ್ಲರಿಗೂ ಅಕ್ಕಂದಿರು ಹುಟ್ಕೋತಾರೆ. ಟೈಗೂ ಹೇಳಬೇಡ."

ಟೈ ಅಂದರೆ ಅಲ್ಲಿನ ಇನ್ನೊಬ್ಬ ಮಾರಾಟಗಾರ. ಊಟ ಮಾಡುವಾಗಲೂ ಟೈ ಬಿಚ್ಚುತ್ತಿರಲಿಲ್ಲ, ಹೆಗಲ ಮೇಲೆ ಎಸೆದುಕೊಂಡು ಉಣ್ಣುತ್ತಿದ್ದ. ಸಕ್ಕರೆಯಣ್ಣನ ಕೈಯಲ್ಲೇ ಪಳಗಿದವನು, ಗುರುಭಕ್ತಿ ಇದ್ದವನು.

ಮೊದಲ ಲೋಡು ಬಂದದ್ದು ಮೂರೇ ಗಾಡಿ. ಎರಡು ಆಗಲೇ ಮೇಲಿನ ದುಡ್ಡಿನ ಸಮೇತ ಹೋಗಿದ್ದವು. ಮೂರನೆಯದು, ಬೂದಿ ಬಣ್ಣದ್ದು, ಅಕ್ಕನದು. ಮಾಲೀಕರು ಪರ ಊರಿಗೆ ಹೊರಟಿದ್ದರು. ಹೋಗುವ ಮುಂಚೆ ಒಂದು ಮಾತು ಹೇಳಿದರು: "ಶನಿವಾರ ಜನ ಬರ್ತಾರೆ. ಸಂಜೆ ತನಕ ಗಾಡಿ ಎದುರಿಗೇ ನಿಂತಿರ್ಲಿ, ನಾಲ್ಕು ಜನ ನೋಡ್ಲಿ. ಆಮೇಲೆ ತಗೊಂಡು ಹೋಗು."

ಶನಿವಾರ ಬೆಳಿಗ್ಗೆ ಸಕ್ಕರೆಯಣ್ಣ ಎಲ್ಲರಿಗಿಂತ ಮುಂಚೆ ಬಂದ. ಗಾಡಿಯ ಬಾಗಿಲು ಸರಿಸಿ ನೋಡಿದ, ಹಲಗೆ ಇಳಿಸಿದ, ಮೇಲೆತ್ತಿದ, ಇನ್ನೊಮ್ಮೆ ಇಳಿಸಿದ. ಸೀಟಿನ ಪ್ಲಾಸ್ಟಿಕ್ಕು ಒಂದು ಕಡೆ ಸುಕ್ಕಾಗಿತ್ತು, ಅಂಗೈಯಿಂದ ಒತ್ತಿ ಸರಿಮಾಡಿದ. ಇನ್ನು ಭಾವನನ್ನೂ ವೀಲ್‌ಚೇರನ್ನೂ ಕರೆತರಬೇಕು. ದುಡ್ಡು ಕಟ್ಟುವ ಮುಂಚೆ ಕುರ್ಚಿ ಹಿಡಿಸುತ್ತೋ ಇಲ್ಲವೋ ನೋಡಬೇಕು ಅಂತ ಭಾವ ಪಟ್ಟು ಹಿಡಿದಿದ್ದರು. ಲಾರಿಯವರು, ಅಳತೆ ನೋಡದೆ ಲೋಡು ಒಪ್ಪುವವರಲ್ಲ.

ಹೋಗುವ ಮುಂಚೆ ಯಾರೂ ಮುಟ್ಟದಿರಲಿ ಅಂತ ಅವನು ಡ್ರಾಯರಿನಿಂದ ಕೆಂಪು ಬೋರ್ಡು ತೆಗೆದು ಕನ್ನಡಿಗೆ ನೇತುಹಾಕಿದ. ಮಾರಾಟವಾಗಿದೆ.

ಅದೇ ಕೈ ಎಷ್ಟು ವರ್ಷದಿಂದ ಎಷ್ಟು ಸಲ ಆ ಬೋರ್ಡನ್ನು ಸುಳ್ಳಿಗಾಗಿ ನೇತುಹಾಕಿತ್ತೋ ಲೆಕ್ಕವಿಲ್ಲ. ಆ ದಿನ ಮಾತ್ರ ಅವನು ಆ ಅಕ್ಷರಗಳನ್ನು ಗಿರಾಕಿ ಓದುವ ಹಾಗೆ ಓದಿದ. ಅಕ್ಕನ ಗಾಡಿ ಮಾರಾಟವಾಗಿದೆ, ನಿಜ ತಾನೆ, ಅದಕ್ಕೇ ಬೋರ್ಡು. ಸಂತೋಷ ಹೆಚ್ಚಾಗಿ ತಲೆ ಕೆಲಸ ಮಾಡಲಿಲ್ಲ. ಟೈ ಬರುವ ಹೊತ್ತಿಗೆ ಅವನು ಬಸ್ಸು ಹತ್ತಿಯಾಗಿತ್ತು.

ಲಾಂಡ್ರಿ ಹಿಂದಿನ ಮನೆಯಲ್ಲಿ ಆ ಬೆಳಿಗ್ಗೆ ಎಲ್ಲರ ಬಾಯಲ್ಲೂ ನಗು. ಅಕ್ಕನನ್ನು ಮಂಚದ ಮೇಲೆ ಕೂರಿಸಿ ಕುರ್ಚಿಯನ್ನು ಮಡಚಿದರು. "ನನ್ನ ಕಾಲು ತಗೊಂಡು ಹೋಗ್ತಿದ್ದೀರ, ಜೋಪಾನ" ಅಂದಳು ಅಕ್ಕ. ತಂಗಿಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದಳು, ನಾಳೆ ಮಧ್ಯಾಹ್ನದ ಊಟಕ್ಕೆ ಬರ್ತೀನಿ ಅಂತ. ತಂಗಿ ಏನಂದಳು ಅಂತ ಸಕ್ಕರೆಯಣ್ಣ ಕೇಳಿದ.

"'ಬೇಗ ಬಾ' ಅಂದ್ಲು. ಪೂರ್ತಿ ಅಂದ್ಲು ಕಣೋ. ನಾನು ಸೇರಿಸೋ ಹಾಗೇ ಇರಲಿಲ್ಲ."

ಇಬ್ಬರೂ ಶೋರೂಮಿಗೆ ಬಂದಾಗ ಗಾಡಿ ನಿಂತಿದ್ದ ಜಾಗ ಖಾಲಿ. ತೊಳೆದ ಚಕ್ರಗಳ ಒದ್ದೆ ಗುರುತು ನೆಲದ ಟೈಲ್ಸ್ ಮೇಲೆ ಇನ್ನೂ ಆರಿರಲಿಲ್ಲ.

ಟೈ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ಹೊಡೆದುಬಿಟ್ಟೆ! ಆ ಎರಡಕ್ಕಿಂತ ಜಾಸ್ತಿ ಮೇಲಿನ ದುಡ್ಡು! ಟಿಂಬರ್ ಡಿಪೋದವನು, ಬೋರ್ಡು ನೋಡಿದ್ದೇ ತಡ, ಮೀನು ಬಲೆಗೆ ಬಿದ್ದ ಹಾಗೆ ಒದ್ದಾಡಿದ. ಯಾರೋ ಅಜ್ಜಿಗೆ ಅಂತ ಬುಕ್ ಆಗಿದೆ ಸಾರ್ ಅಂದೆ. ಇನ್ನೂ ಏರಿಸಿದ! ಎಲ್ಲಾ ನೀವು ಕಲಿಸಿದ್ದು ಅಣ್ಣಾ. ಅರ್ಧ ಕಮಿಷನ್ ನಿಮಗೇ, ನಾನು ಮುಟ್ಟಲ್ಲ."

ಸಕ್ಕರೆಯಣ್ಣ ಕೈ ಬಿಡಿಸಿಕೊಂಡ. ಹಿಂದೆ ಭಾವ ಮಡಚಿದ ಕುರ್ಚಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಯಾವ ಗಾಡಿ ಇವರು ಹೇಳ್ತಿರೋದು?" ಅಂದರು ಭಾವ.

ಸಕ್ಕರೆಯಣ್ಣ ಖಾಲಿ ಜಾಗದ ಕಡೆ ನೋಡಿದ. ಅವರಿಗೆ ಅರ್ಥವಾಯಿತು. ಜಗಳ ಮಾಡುತ್ತಾರೆ, ಗಾಜು ಒಡೆಯುತ್ತಾರೆ ಅಂದುಕೊಂಡಿದ್ದ ಸಕ್ಕರೆಯಣ್ಣ. ಒಡೆದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಬಿಡಿಸಿ, ಅದರ ಮೇಲೆ ತಾವೇ ಕೂತರು. ಮಂಡಿ ಉಜ್ಜಿಕೊಂಡರು.

"ನಿನ್ನ ನಾಲಗೆಗೆ ಕೊನೆಗೂ ನಿನ್ನ ಅಕ್ಕನೇ ಸಿಕ್ಕಿದಳಲ್ಲೋ" ಅಂದರು.

ಟೈಗೆ ವಿಷಯ ತಿಳಿದಾಗ ಅವನ ಮುಖ ಸುಣ್ಣದ ಗೋಡೆಯಾಯಿತು. "ಬೋರ್ಡು ಇತ್ತಲ್ಲ ಅಣ್ಣಾ... ಬೋರ್ಡು ಇದ್ರೆ ಮಾರಿ ಅಂತ ತಾನೇ..." ಅಂತ ಅದನ್ನೇ ಹೇಳುತ್ತಿದ್ದ. ತಪ್ಪೇನು ಅವನದು? ಕಲಿತ ಪಾಠ ಸರಿಯಾಗಿ ಒಪ್ಪಿಸಿದ.

ಮಾಲೀಕರು ಫೋನಿನಲ್ಲಿ, "ಆಗಿಹೋದದ್ದಕ್ಕೆ ಏನು ಮಾಡೋಕಾಗುತ್ತೆ? ದುಡ್ಡು ತಗೊಂಡಾಗಿದೆ, ಗಾಡಿ ಹೋಗಿದೆ. ಆ ಬೋರ್ಡು ನೇತುಹಾಕು ಅಂತ ನಾನು ಹೇಳಿದ್ನಾ? ಮುಂದಿನ ಲೋಡಿನಲ್ಲಿ ಮೊದಲನೇದು ನಿನಗೇ" ಅಂದರು. ಮುಂದಿನ ಲೋಡು ಯಾವಾಗ ಅಂದರೆ ಅವರಿಗೂ ಗೊತ್ತಿಲ್ಲ. ಕಂಪನಿಯವರು ಆಕಾಶ ತೋರಿಸುತ್ತಿದ್ದರು.

ಮರುದಿನ, ತಂಗಿಯ ಊರಿನ ದಾರಿಯಲ್ಲಿರಬೇಕಾಗಿದ್ದ ಹೊತ್ತಿನಲ್ಲಿ, ಅವನು ಟಿಂಬರ್ ಡಿಪೋದವನ ಮನೆ ಹುಡುಕಿಕೊಂಡು ಹೋದ. ದೊಡ್ಡ ಗೇಟು. ಒಳಗೆ ಆಗಲೇ ಎರಡು ಕಾರು. ಮೂರನೆಯದಕ್ಕೆ ಹೊದಿಕೆ ಹೊದಿಸಿ ನೆರಳಿನಲ್ಲಿ ನಿಲ್ಲಿಸಿದ್ದರು. ಡಿಪೋದವನು ಕೆಟ್ಟವನಾಗಿರಲಿಲ್ಲ, ಕೂರಿಸಿ ನೀರು ಕೊಟ್ಟ. ಹೆಂಡತಿ, ಇಬ್ಬರು ಎತ್ತರದ ಗಂಡುಮಕ್ಕಳು, ಎಲ್ಲರೂ ಎರಡೆರಡು ಮೆಟ್ಟಿಲು ಹಾರಿ ಓಡಾಡುವವರು.

ಸಕ್ಕರೆಯಣ್ಣ ಎಲ್ಲವನ್ನೂ ಹೇಳಿದ. ಈ ಸಲ ಒಂದು ಮಾತೂ ಬಣ್ಣ ಕಟ್ಟಲಿಲ್ಲ. ಬಣ್ಣ ಕಟ್ಟದೆ ಮಾತಾಡುವುದು ಅಭ್ಯಾಸವಿಲ್ಲದೆ ಮಧ್ಯೆ ಮಧ್ಯೆ ತಡವರಿಸಿದ.

"ನಿಮ್ಮ ಟೈ ಹಾಕಿದವನು ಅಜ್ಜಿ ಅಂತ ಹೇಳಿದ, ನಾನು ಬರೀ ವ್ಯಾಪಾರದ ಮಾತು ಅಂದ್ಕೊಂಡೆ" ಅಂದ ಡಿಪೋದವನು. "ನಿಜ ಹೇಳ್ಬೇಕು ಅಂದ್ರೆ ನನಗೆ ಆ ಗಾಡಿ ಬೇಕಾಗೇ ಇರಲಿಲ್ಲ. ಚಿಕ್ಕ ಮಗನಿಗೆ ಬೇರೆ ಕಾರು ನೋಡೋಕೆ ಅಂತ ಬಂದಿದ್ದೆ. ಆ ಕೆಂಪು ಬೋರ್ಡು ಓದಿದೆ ನೋಡಿ, ಯಾರೋ ನನಗಿಂತ ಮುಂಚೆ ಹೊಡ್ಕೊಂಡ್ರಲ್ಲ ಅಂತ ಮೈಯೆಲ್ಲ ಉರೀತು."

"ಸಾರ್, ಹಾಗಾದ್ರೆ ನಮಗೆ ಕೊಟ್ಟುಬಿಡಿ. ನೀವು ಕೊಟ್ಟ ಮೇಲಿನ ದುಡ್ಡು ನಾನು ದುಡಿದು ತೀರಿಸ್ತೀನಿ."

ಡಿಪೋದವನು ಹೊದಿಕೆ ಹೊದ್ದ ಗಾಡಿಯ ಕಡೆ ನೋಡಿದ. ಕೊಟ್ಟುಬಿಡುವ ಮನಸ್ಸು ಒಂದು ಗಳಿಗೆ ಬಂದಿತ್ತೋ ಏನೋ. "ಬೀದಿಗೆಲ್ಲ ತೋರಿಸಿ ಆಯ್ತಲ್ಲ. ಈ ಊರಿಗೆ ಬಂದಿರೋದು ಮೂರೇ ಅಂತೆ. ಈಗ ವಾಪಸ್ ಕೊಟ್ರೆ ಜನ ಏನಂತಾರೆ? ನೀವು ಶೋರೂಮಿನವರು, ನಿಮಗೆ ಇನ್ನೊಂದು ಸಿಗದೇ ಇರುತ್ತಾ?" ಅಂದ.

ಸಕ್ಕರೆಯಣ್ಣನಿಗೆ ಆ ಮನುಷ್ಯನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಗೇಟಿನ ತನಕ ಹೋಗಿ, ಅಭ್ಯಾಸಬಲದಿಂದ ತಿರುಗಿ, "ಬರ್ತೀನಿ ಸಾರ್" ಅಂದ.

ಗಾಡಿ ತಡವಾಗುತ್ತೆ ಅಂತಷ್ಟೇ ಭಾವ ಅಕ್ಕನಿಗೆ ಹೇಳಿದ್ದರು, ನಡೆದದ್ದನ್ನು ಹೇಳುವುದು ಅವನಿಗೇ ಬಿತ್ತು. ಅವಳು ಕತ್ತರಿ ಹಿಡಿದು ಹಳೇ ಬಟ್ಟೆಯಿಂದ ಗುಂಡಿ ಬಿಚ್ಚುತ್ತಿದ್ದಳು. ಡಿಪೋದವನು ವಾಪಸ್ ಕೊಡಲಿಲ್ಲ ಅನ್ನುವವರೆಗೂ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹೋಗ್ಲಿ ಬಿಡು. ಮುಂದಿನದು ಬರುತ್ತಲ್ಲ" ಅಂದಳು. ಆಮೇಲೆ, "ಅವಳಿಗೆ ನೀನೇ ಫೋನ್ ಮಾಡು. ನನಗೆ ಆಗಲ್ಲ" ಅಂದಳು.

ದಿನಗಳು ಹೋದವು. ತಂಗಿ ಫೋನಿನಲ್ಲಿ ಅಣ್ಣನನ್ನು ಕಿಚಾಯಿಸುತ್ತಿದ್ದಳು. "ಅಣ್ಣಾ, ಊರಿಗೆಲ್ಲ... ಕಾರು ಕೊಡ್ತೀಯ..." ಅಂತ ಉಸಿರಿಗಾಗಿ ನಿಲ್ಲುತ್ತಿದ್ದಳು. ಉಳಿದದ್ದನ್ನು ಸೇರಿಸುವ ಧೈರ್ಯ ಅವನಿಗೆ ಇರಲಿಲ್ಲ. ಬರಬರುತ್ತಾ ಅವಳ ಅರ್ಧ ವಾಕ್ಯಗಳು ಒಂದೆರಡು ಪದಕ್ಕೆ ಇಳಿದವು. ಒಂದು ಮಧ್ಯಾಹ್ನ ಫೋನಿನಲ್ಲಿ ಬರೀ ಉಸಿರಿನ ಸದ್ದು ಕೇಳಿ ಅಕ್ಕ ಕತ್ತರಿ ಕೆಳಗಿಟ್ಟಳು.

"ಗಾಡಿ ಬರೋ ತನಕ ಕಾಯೋಕಾಗಲ್ಲ" ಅಂದಳು ಗಂಡನಿಗೆ. "ಎತ್ತಿ. ಮೂಟೆ ಥರಾನೇ ಎತ್ತಿ. ಆಂಬುಲೆನ್ಸಾದ್ರೂ ಸರಿ, ಲಾರಿಯಾದ್ರೂ ಸರಿ."

"ಮಲಗಿಸಿಕೊಂಡು ಹೋಗ್ಬೇಕಾಗುತ್ತೆ ಕಣೇ."

"ಮಲಗ್ತೀನಿ."

ಭಾವ ಆಂಬುಲೆನ್ಸಿಗೆ ಹೇಳಿದರು, ಅದರವರು ಮರುದಿನ ಬೆಳಿಗ್ಗೆ ಬರುತ್ತೇವೆ ಅಂದರು. ಅಕ್ಕ ತಂಗಿಗೆ ಅಂತ ಮೆತ್ತನೆ ಬಟ್ಟೆಯಲ್ಲಿ ಮುಂದೆ ಗುಂಡಿ ಇರುವ ಒಂದು ಅಂಗಿ ಹೊಲಿಯುತ್ತಿದ್ದಳು. ಕಾಲಿಗೆ ಸ್ವಾಧೀನ ಇಲ್ಲದ್ದಕ್ಕೆ ಮೆಷಿನ್ ತುಳಿಯುವ ಹಾಗಿರಲಿಲ್ಲ, ಸೂಜಿ ದಾರದಲ್ಲಿ ಕೈ ಹೊಲಿಗೆ. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು, ಇನ್ನೊಂದು ತೋಳು ಬಾಕಿ ಇತ್ತು. ತಂಗಿಯ ಗಂಡನ ಫೋನ್ ಬಂತು. ಸಕ್ಕರೆಯಣ್ಣನೇ ತೆಗೆದುಕೊಂಡ. "ಹೋಗ್ಬಿಟ್ಲು" ಅಂತ ಅಷ್ಟೇ ಹೇಳಿ ತಂಗಿಯ ಗಂಡ ಅತ್ತುಬಿಟ್ಟ, ಸಕ್ಕರೆಯಣ್ಣ ಅದನ್ನೇ ಅಕ್ಕನಿಗೆ ಹೇಳಿದ.

ಅಕ್ಕ ಆ ತೋಳನ್ನು ಹೊಲಿದು ಮುಗಿಸಿದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿದಳು. ಆಮೇಲೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ಸಕ್ಕರೆಯಣ್ಣ ಕಂಡಿರಲಿಲ್ಲ, ಅಮ್ಮ ಹೋದಾಗಲೂ.

"ಆಂಬುಲೆನ್ಸ್ ಹೇಗೂ ಬರುತ್ತೆ, ಮಣ್ಣಿಗಾದ್ರೂ..." ಅಂದರು ಭಾವ.

"ಬೇಡ. ಅವಳು ಮಲಗಿರ್ತಾಳೆ, ನಾನೂ ಮಲಗಿರ್ತೀನಿ. ಯಾರು ಯಾರನ್ನ ನೋಡೋದು? ನೀವಿಬ್ಬರೂ ಹೋಗಿ ಬನ್ನಿ."

ಮತ್ತೆ ಕೆಲಸಕ್ಕೆ ಹೋದ ದಿನ ಶೋರೂಮಿನಲ್ಲಿ ಇನ್ನೊಂದು ಮಾದರಿಯ ಕಾರಿಗೆ ಬೋರ್ಡು ನೇತುಹಾಕಿದ್ದರು. ಒಬ್ಬ ಗಿರಾಕಿ, "ಇದು ನಿಜವಾಗ್ಲೂ ಮಾರಾಟವಾಗಿದೆಯಾ?" ಅಂತ ಕೇಳಿದ. ಸಕ್ಕರೆಯಣ್ಣ ಅವನನ್ನು ಅಲ್ಲೇ ಬಿಟ್ಟು ಹಿಂದಿನ ಶೆಡ್ಡಿನ ಕಡೆ ನಡೆದ. ಟೈ ಬಂದು ಗಿರಾಕಿಯನ್ನು ಬೇರೆ ಕಡೆ ಕರೆದುಕೊಂಡು ಹೋದ. ಅಂದಿನಿಂದ ಸಕ್ಕರೆಯಣ್ಣ ಮಾರಾಟದ ಮೇಜು ಬಿಟ್ಟು, ಹಿಂದಿನ ಶೆಡ್ಡಿನಲ್ಲಿ ಗಾಡಿ ತೊಳೆಸುವ ಕೆಲಸ ನೋಡಿಕೊಂಡ. ಸಂಬಳ ಇಳಿಯಿತು. ಮಾಲೀಕರು ಎರಡು ಸಲ ಕರೆದರು, ಮೂರನೇ ಸಲ ಕರೆಯಲಿಲ್ಲ.

ಎರಡನೇ ಲೋಡು ಬಂತು. ಅಷ್ಟು ಹೊತ್ತಿಗೆ ಊರಿಗೆ ಆ ಗಾಡಿಯ ಹುಚ್ಚು ಇಳಿದಿತ್ತು, ಪಕ್ಕದ ಚೀಟಿ ಅಂಟಿಸುವ ಅಗತ್ಯವೇ ಬೀಳಲಿಲ್ಲ. ಯಾರು ಬೇಕಾದರೂ ಕಂಪನಿ ಬೆಲೆಗೆ ತೆಗೆದುಕೊಳ್ಳಬಹುದಿತ್ತು. ಮಾಲೀಕರು ಮನಸ್ಸಿಗೆ ಏನನ್ನಿಸಿತೋ, ಗಾಡಿಗೆ ಮುಂಚೆಯೇ ಕಾಲ ಕೆಳಗಿನ ಮ್ಯಾಟುಗಳನ್ನು ಪುಕ್ಕಟೆ ಕೊಟ್ಟು ಕಳಿಸಿದರು.

"ಅವರ ಬಾಯಿಗೇ ಹಾಸ್ಕೊಳ್ಳೋಕೆ ಹೇಳು" ಅಂದರು ಭಾವ, ಮ್ಯಾಟುಗಳನ್ನು ಲಾಂಡ್ರಿಯವನ ಮೆಟ್ಟಿಲಿಗೆ ಹಾಕಿದರು.

ಗಾಡಿ ಬೇಕೋ ಬೇಡವೋ ಅಂತ ಅಕ್ಕನನ್ನು ಕೇಳಲು ಇಬ್ಬರಿಗೂ ಭಯ. ಅವಳೇ ಹೇಳಿದಳು: "ತಗೊಳ್ಳಿ. ಊಟಕ್ಕೆ ಬರ್ತೀನಿ ಅಂತ ಅವಳಿಗೆ ಹೇಳಿದ್ದೆ."

ಹಲಗೆ ಇಳಿಯಿತು. ಕುರ್ಚಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಒಳಗೆ ಹೋಯಿತು. ಬೀದಿಯಲ್ಲಿ ಯಾರೂ ನಿಂತು ನೋಡಲಿಲ್ಲ, ನೋಡುವಂಥದ್ದು ಏನೂ ಆಗಲಿಲ್ಲ. ದಾರಿಯುದ್ದಕ್ಕೂ ಅಕ್ಕ ಹೊರಗೆ ನೋಡುತ್ತಿದ್ದಳು. ಎರಡು ವರ್ಷದಿಂದ ನೋಡದ ರಸ್ತೆ, ಅಂಗಡಿ, ಹೊಸದಾಗಿ ಎದ್ದ ಕಟ್ಟಡ. ಒಂದರ ಬಗ್ಗೆಯೂ ಕೇಳಲಿಲ್ಲ.

ತಂಗಿಯ ಮನೆ ಓಣಿಯ ಕೊನೆಯದು. ತಂಗಿಯ ಗಂಡ ಹೊರಗೆ ಬಂದ. ಗಡ್ಡ ಬಿಟ್ಟಿದ್ದ. ಸಕ್ಕರೆಯಣ್ಣ ಬಾಗಿಲು ಸರಿಸಿ ಹಲಗೆ ಇಳಿಸಿದ.

"ಇಳೀರಿ ಅಕ್ಕ" ಅಂದ ತಂಗಿಯ ಗಂಡ.

ಅಕ್ಕ ಚಕ್ರದ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು.

"ಇಳಿದು ಯಾರನ್ನ ನೋಡ್ಲಪ್ಪಾ?"

ಅವನು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟ. ಅಕ್ಕ ಗಾಡಿಯಲ್ಲೇ ಕೂತು ಕುಡಿದಳು. ಅವನು ಬೀದಿ ಕಡೆಯ ಕಿಟಕಿ ತೋರಿಸಿ, "ಮಂಚ ಅಲ್ಲಿ ಹಾಕಿಸ್ಕೊಂಡಿದ್ಲು. ನಿಮ್ಮ ಗಾಡಿ ಬಂದ್ರೆ ಮೊದಲು ತಾನೇ ನೋಡ್ಬೇಕು ಅಂತ" ಅಂದ. ಹೇಳಬಾರದಿತ್ತು ಅಂತ ಆಮೇಲೆ ಅನ್ನಿಸಿರಬೇಕು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದ.

ಭಾವ ಕನ್ನಡಕ ಒರೆಸಿಕೊಳ್ಳುತ್ತಾ ಸ್ಟೀರಿಂಗ್ ಮುಂದೆ ಕೂತರು. ಸಕ್ಕರೆಯಣ್ಣ ಹಲಗೆಯ ಪಕ್ಕ ನಿಂತೇ ಇದ್ದ.

"ಲೋ" ಅಂದಳು ಅಕ್ಕ. "ಆ ಮೊದಲನೇ ಗಾಡಿ ತಗೊಂಡವರ ಮನೆಗೆ ನೀನು ಹೋಗಿದ್ಯಲ್ಲ. ಅವರ ಮನೇಲಿ ಯಾರಾದ್ರೂ ನನ್ನ ಥರ ಇದ್ರಾ?"

ಮೆಟ್ಟಿಲ ಮೇಲೆ ಹಾರಿ ಓಡಾಡುತ್ತಿದ್ದ ಆ ಇಬ್ಬರು ಗಂಡುಮಕ್ಕಳು, ಹೊದಿಕೆಯ ಕೆಳಗೆ ನೆರಳಿನಲ್ಲಿ ನಿಂತ ಗಾಡಿ, ಎಲ್ಲವೂ ಅವನ ಕಣ್ಣಮುಂದೆ ಬಂತು.

"ಇದ್ರು ಅಕ್ಕ" ಅಂದ. "ಅವನ ತಾಯಿ. ನಡೆಯೋಕಾಗಲ್ಲ ಪಾಪ. ಕುರ್ಚಿಯಲ್ಲೇ ಇರ್ತಾರೆ."

"ಹೌದಾ?"

"ಹೂಂ. ಅವರಿಗೇ ಅಂತ ತಗೊಂಡಿದ್ದು."

ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಬಿಗಿದಿದ್ದ ಅವಳ ಹಣೆ ಸಡಿಲವಾಯಿತು.

"ಹಾಗಾದ್ರೆ ಸರಿ. ಅವರಾದ್ರೂ ಓಡಾಡ್ಲಿ" ಅಂದಳು. "ನೀನು ಅದನ್ನೇ ತಲೇಲಿ ಇಟ್ಕೊಂಡು ಕೊರಗಬೇಡ ಕಣೋ. ಬಾ, ಕೂತ್ಕೋ."

ಅವನಿಗೆ ಹತ್ತಲಾಗಲಿಲ್ಲ. ಹಲಗೆಯ ಕೊಂಡಿಗೆ ಏನೋ ಸಿಕ್ಕಿಕೊಂಡಿದೆ ಅನ್ನುವ ಹಾಗೆ ಬಗ್ಗಿ, ಅದನ್ನು ಹಿಡಿದುಕೊಂಡು, ಮುಖ ನೆಲಕ್ಕೆ ಹಾಕಿ ಕೂತ. ಭಾವ ಎರಡು ಸಲ ಹಾರ್ನ್ ಹೊಡೆದರು.